ಅವಿರೋಧಕ್ಕೆ ಅಡ್ಡ ನಿಂತ ಮುರಿಗೆವ್ವ

ಮುರಿಗೆವ್ವ ನಮ್ಮ ಓಣಿಯ ಹೆಂಗಸು. ಐವತ್ತು ದಾಟಿದೆ. ಗರಗದ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಾಳೆ. ನಾನು ಮೂರು ಗಾಲಿಯ ಟಂಟಂ ಓಡಿಸುತ್ತೇನೆ. ದಿನಾ ಬೆಳಿಗ್ಗೆ ನಮ್ಮ ಹಳ್ಳಿಯ ಹೆಂಗಸರನ್ನು ಗರಗಕ್ಕೆ ಮುಟ್ಟಿಸುವುದು ನನ್ನ ಕೆಲಸ. ಆಕೆ ಯಾವಾಗಲೂ ಮುಂದೆ, ನನ್ನ ಮಗ್ಗುಲಿಗೇ ಕೂಡುತ್ತಾಳೆ. ಹಿಂದೆ ಕೂತರೆ ದಾರಿ ಕಾಣುವುದಿಲ್ಲ ಎನ್ನುತ್ತಾಳೆ. ದಾರಿ ಗೊತ್ತಿದ್ದದ್ದೇ. ಆದರೂ ಆಕೆಗೆ ನೋಡಬೇಕು.

ಈಗ ಈ ಭಾಗದಲ್ಲಿ ಆಕೆಯ ಹೆಸರು ಎಲ್ಲರಿಗೂ ಗೊತ್ತು. ಕೆಲವರು ಬೈಯುತ್ತಾರೆ. ಕೆಲವರು ನಗುತ್ತಾರೆ. ಒಬ್ಬ ಹೆಂಗಸಿನ ಹಟಕ್ಕೆ ಇಡೀ ಕ್ಷೇತ್ರ ಬಿಸಿಲಲ್ಲಿ ಸರದಿ ನಿಂತಿತು ಎನ್ನುತ್ತಾರೆ. ಆ ಮಾತು ಖರೆ.

ಆಕೆ ಹುಟ್ಟಿದ್ದು ಉಪ್ಪಿನಬೆಟಗೇರಿಯಲ್ಲಿ. ಸಾಲಿ ಮೂರನೆಯ ಇಯತ್ತೆಗೇ ಬಿಟ್ಟಿತು. ಸಣ್ಣ ವಯಸ್ಸಿನಲ್ಲಿ ನಮ್ಮ ಊರಿಗೆ ಕೊಟ್ಟರು. ಆ ಮದುವೆಯ ಬಗ್ಗೆ ಆಕೆ ಒಂದೇ ಮಾತು ಹೇಳುತ್ತಾಳೆ. "ಎತ್ತ ಮಾರೂವಾಗ ಎತ್ತಿನ ಹಲ್ಲರ ನೋಡ್ತಾರ. ನನ್ನ ಕೊಡೂವಾಗ ನನ್ನ ಮಾರಿ ಕಡೆ ಸೈತ ಯಾರೂ ನೋಡಲಿಲ್ಲ." ಹೇಳಿ ನಗುತ್ತಾಳೆ. ಗಂಡ ಕೆಟ್ಟವನಲ್ಲ. ಧಾರವಾಡದ ದಲಾಲಿ ಅಂಗಡಿಯಲ್ಲಿ ಹಮಾಲಿ ಮಾಡುತ್ತಿದ್ದ. ಮಗಳು ಭಾಗ್ಯಶ್ರೀ ಇನ್ನೂ ಸಾಲಿಗೆ ಹೋಗುತ್ತಿದ್ದಾಗ ಕಾಮಾಲೆಯಾಗಿ ತೀರಿಕೊಂಡ.

ಆಮೇಲೆ ಮೈದುನರು ಹೊಲದ ಹಿಸ್ಸೆಯ ಮಾತಿಗೆ ಕೂತರು. ಆಕೆಯನ್ನು ಚಹಾ ಮಾಡಲು ಒಳಗೆ ಕಳಿಸಿದರು. ಚಹಾ ಕುದಿಸಿ ತರುವಷ್ಟರಲ್ಲಿ ಹೊರಗೆ ಎಲ್ಲ ತೀರ್ಮಾನವಾಗಿತ್ತು. ಆಕೆ ಚಹಾ ಕೊಟ್ಟಳು. ಮರುವಾರ ಖಾದಿ ಕೇಂದ್ರಕ್ಕೆ ಹೋಗಿ ಚರಕದ ಮುಂದೆ ಕೂತಳು. ಅಂದಿನಿಂದ ಇಂದಿನವರೆಗೆ ಅದೇ ಕೆಲಸ.

ಹಿಂದಿನ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ನಮ್ಮ ಓಣಿಯ ಸೀಟು ಹೆಂಗಸರಿಗೆ ಬಂತು. ಮುರಿಗೆವ್ವ ಅರ್ಜಿ ಹಾಕಿದಳು. ನಮ್ಮ ಓಣಿಯಲ್ಲಿ ಗಟಾರ ಇಲ್ಲ. ಬಚ್ಚಲ ನೀರೆಲ್ಲ ದಾರಿಯ ಮೇಲೆಯೇ ಹರಿಯುತ್ತದೆ. ಗಟಾರ ಮಾಡಿಸಬೇಕು ಎಂಬುದಷ್ಟೇ ಆಕೆಯ ತಲೆಯಲ್ಲಿತ್ತು. ಆದರೆ ನಮ್ಮ ಕಡೆ ಹಳ್ಳಿಗಳಲ್ಲಿ ಒಂದು ಪದ್ಧತಿ ಉಂಟು. ಹಿರಿಯರು ಗುಡಿಯಲ್ಲಿಯೋ ಮಠದಲ್ಲಿಯೋ ಕೂಡುತ್ತಾರೆ. ಯಾವ ಸೀಟಿಗೆ ಯಾರು ಎಂದು ತಾವೇ ಗೊತ್ತು ಮಾಡುತ್ತಾರೆ. ಉಳಿದವರು ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಬೇಕು. ಆಗ ಮತದಾನವೇ ಇಲ್ಲ. ಇದಕ್ಕೆ ಅವಿರೋಧ ಆಯ್ಕೆ ಎನ್ನುತ್ತಾರೆ. ಊರಿಗೆ ಮರ್ಯಾದೆ ಎನ್ನುತ್ತಾರೆ.

ನಮ್ಮ ಊರಿನ ಮಠದ ಕಾರಭಾರ ನೋಡುವವರು ಗುರುಸಿದ್ದಯ್ಯನವರು. ಅವರ ಸೊಸೆಗೆ ಆ ಸೀಟು ಎಂದು ಠರಾವಾಯಿತು. ಗಟಾರ ಮಾಡಿಸುತ್ತೇವೆ, ಅರ್ಜಿ ಹಿಂದಕ್ಕೆ ತಗೋ ಎಂದು ಮುರಿಗೆವ್ವನಿಗೆ ಹೇಳಿದರು. ಆಕೆ ನಂಬಿದಳು, ತೆಗೆದುಕೊಂಡಳು. ಸೊಸೆ ಗೆದ್ದಳು. ಪಂಚಾಯ್ತಿಯಲ್ಲಿ ಕೂತವನು ಸೊಸೆಯ ಗಂಡ. ವರ್ಷ ಕಳೆದರೂ ಗಟಾರ ಬರಲಿಲ್ಲ. ಮುರಿಗೆವ್ವ ಪಂಚಾಯ್ತಿಗೇ ಹೋಗಿ ಕೇಳಿದಳು. ಅವನು ಕುರ್ಚಿಯಿಂದ ಏಳದೆ ಒಂದು ಮಾತು ಅಂದ.

"ನಿನ್ನ ಓಟಿನ ಮ್ಯಾಲ ಬಂದೇನೇನ ನಾ?"

ಅವನು ಯಾರ ಓಟಿನ ಮೇಲೂ ಬಂದವನಲ್ಲ. ಮುರಿಗೆವ್ವ ಹೊರಳಿ ಮನೆಗೆ ಬಂದಳು.

ಹೀಗಿರುವಾಗ ನಮ್ಮ ಶಾಸಕರು ತೀರಿಕೊಂಡರು. ಶಂಭುಲಿಂಗಗೌಡರು ಎಂದು ಅವರ ಹೆಸರು. ಎದೆನೋವು ಬಂದು ಒಂದು ತಾಸಿನೊಳಗೆ ಹೋಗಿಬಿಟ್ಟರು. ಒಳ್ಳೆಯ ಮನುಷ್ಯರು, ಯಾರ ಮೇಲೂ ದನಿ ಏರಿಸಿದವರಲ್ಲ. ಅವರ ಮಣ್ಣಿಗೆ ನಮ್ಮ ಊರಿಗೆ ಊರೇ ಹೋಗಿತ್ತು. ಮುರಿಗೆವ್ವನೂ ನನ್ನ ಟಂಟಂನಲ್ಲೇ ಬಂದಿದ್ದಳು.

ಖಾಲಿಯಾದ ಸೀಟಿಗೆ ಉಪಚುನಾವಣೆ ಬಂತು. ಗೌಡರ ಹೆಂಡತಿ ದಾಕ್ಷಾಯಿಣಿಯವರಿಗೆ ಟಿಕೆಟ್ ಕೊಟ್ಟರು. ಎದುರು ಪಕ್ಷದವರು ನಾವು ಯಾರನ್ನೂ ನಿಲ್ಲಿಸುವುದಿಲ್ಲ, ಇದು ಸತ್ತವರಿಗೆ ಕೊಡುವ ಗೌರವ ಎಂದು ಹೇಳಿದರು. ಉಳಿದ ಅವಧಿಯೂ ಕಡಿಮೆ ಇತ್ತು. ಯಾರಿಗೂ ಖರ್ಚು ಬೇಕಾಗಿರಲಿಲ್ಲ. ಊರೂರಲ್ಲಿ ಹಿರಿಯರು ಕೂತು ಅವಿರೋಧ ಮಾಡೋಣ ಎಂದು ಮಾತು ಕೊಡತೊಡಗಿದರು. ನಮ್ಮ ಊರಿನಲ್ಲಿ ಗುರುಸಿದ್ದಯ್ಯನವರು ಮಠದಲ್ಲಿ ಗಂಡಸರನ್ನು ಕೂಡಿಸಿದರು. ತಟ್ಟೆಯಲ್ಲಿ ವಿಭೂತಿ ಗಟ್ಟಿ ಇಟ್ಟರು. ಒಬ್ಬೊಬ್ಬರೂ ಬಂದು ಅದನ್ನು ಮುಟ್ಟಿ, ನಮ್ಮ ಮನೆಯಿಂದ ಯಾರೂ ನಿಲ್ಲುವುದಿಲ್ಲ ಎಂದು ಹೇಳಿದರು. ನಾನು ಆವತ್ತು ಬಾಡಿಗೆಯ ಮೇಲೆ ಹುಬ್ಬಳ್ಳಿಗೆ ಹೋಗಿದ್ದೆ. ಹೆಂಗಸರನ್ನು ಯಾರೂ ಕರೆದಿರಲಿಲ್ಲ.

ಮರುದಿನ ಟಂಟಂನಲ್ಲಿ ಈ ಸುದ್ದಿ ಹೇಳಿದವಳು ಲಾಲಬಿ. ಮುರಿಗೆವ್ವನ ಮಗ್ಗುಲ ಚರಕದವಳು, ಗೆಳತಿ. ಛಲೋ ಆಯಿತು, ಈ ಸಲ ಮೈಕಿನ ಕಾಟ ತಪ್ಪಿತು ಎಂದಳು. ಹಿಂದೆ ಕೂತವರೆಲ್ಲ ಹೌದು ಹೌದು ಎಂದರು. ಮುರಿಗೆವ್ವ ಮುಂದೆ ದಾರಿ ನೋಡುತ್ತ ಕೂತಿದ್ದಳು. ಗರಗ ಬಂದಾಗ ಇಳಿದು, ನನಗಂತೂ ಯಾರೂ ಕೇಳಲಿಲ್ಲ ಎಂದಳು. ಅಷ್ಟೇ.

ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚಿದಾಗ ಆಕೆ ಹೇಳಿದಳು, "ನಾ ನಿಂದರತೇನಿ."

"ಎಲ್ಲೆಬೇ, ಬಸ್ಸಿನ್ಯಾಗನ?" ಎಂದಳು ಲಾಲಬಿ.

ಹೆಂಗಸರು ನಕ್ಕರು. ಮುರಿಗೆವ್ವ ನಗಲಿಲ್ಲ. ಆಗ ಅವರಿಗೂ ತಿಳಿಯಿತು.

ಪಕ್ಷ ಇಲ್ಲದವರು ನಿಲ್ಲಬೇಕಾದರೆ ಅದೇ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಮಾಡಬೇಕು. ಊರಿನ ಗಂಡಸರು ವಿಭೂತಿ ಮುಟ್ಟಿದವರು. ಅವರು ಮಾಡುವಂತಿರಲಿಲ್ಲ. ಖಾದಿ ಕೇಂದ್ರದ ಹೆಂಗಸರು ಮಾಡಿದರು. ಲಾಲಬಿ ಎಲ್ಲರಿಗಿಂತ ಮೊದಲು ಮಾಡಿದಳು. ನಿನ್ನ ಕಾಲಾಗ ನಮ್ಮ ಕುತ್ತಿಗಿಗೂ ಬರೂದೈತಿ ಎನ್ನುತ್ತಲೇ ಮಾಡಿದಳು. ಒಬ್ಬರು ಕಡಿಮೆ ಬಿದ್ದರು. ಮುರಿಗೆವ್ವ ನನ್ನ ಕಡೆ ನೋಡಿ, ತಮ್ಮಾ, ನೀ ವಿಭೂತಿ ಮುಟ್ಟೀಯೇನು ಎಂದು ಕೇಳಿದಳು. ಇಲ್ಲ ಎಂದೆ. ಮನಸ್ಸಿದ್ದರೆ ಮಾಡು, ಇಲ್ಲದಿದ್ದರೆ ಬೇಡ ಎಂದಳು. ಮಾಡಿದೆ. ಠೇವಣಿಯನ್ನು ಕೇಂದ್ರದ ಹೆಂಗಸರೇ ಕೂಡಿ ಹೊಂದಿಸಿದರು. ಎಲ್ಲರನ್ನೂ ಟಂಟಂನಲ್ಲಿ ತುಂಬಿಕೊಂಡು ಧಾರವಾಡಕ್ಕೆ ಹೋಗಿ ಅರ್ಜಿ ಕೊಟ್ಟು ಬಂದೆವು.

ಬೇರೆ ಬೇರೆ ಊರಿನಿಂದಲೂ ನಾಲ್ಕಾರು ಮಂದಿ ಅರ್ಜಿ ಹಾಕಿದ್ದರು. ಅವರನ್ನು ಒಬ್ಬೊಬ್ಬರನ್ನೇ ಹೇಳಿ ಕೇಳಿ ಹಿಂದಕ್ಕೆ ತೆಗೆಸಿದರು. ಆ ಕೆಲಸ ನೋಡಿಕೊಂಡವನು ಬಸವಕಿರಣ. ಸತ್ತ ಗೌಡರ ಅಣ್ಣನ ಮಗ. ಇನ್ನೂ ಹರೆಯದವನು. ಮಾತು ಸಿಹಿ, ಕೈಯಲ್ಲಿ ಎರಡು ಫೋನು. ಕಡೆಗೆ ಉಳಿದವಳು ಮುರಿಗೆವ್ವ ಒಬ್ಬಳೇ. ಆಕೆ ಹಿಂದೆ ಸರಿದರೆ ಚುನಾವಣೆ ಇಲ್ಲ. ಸರಿಯದಿದ್ದರೆ ಇಡೀ ಕ್ಷೇತ್ರ ಮತ ಹಾಕಬೇಕು.

ಮೊದಲು ಬಂದವರು ಗುರುಸಿದ್ದಯ್ಯನವರು. ಆಕೆಯ ಮನೆಯ ಕಟ್ಟೆಯ ಮೇಲೆ ಕೂತರು. ನಾನು ಎದುರು ಮನೆಯ ಮುಂದೆ ಟಂಟಂ ತೊಳೆಯುತ್ತಿದ್ದೆ.

"ಮುರಿಗೆವ್ವ, ಊರು ಮಾತು ಕೊಟ್ಟೈತಿ. ವಿಭೂತಿ ಮುಟ್ಟಿ ಕೊಟ್ಟೈತಿ," ಎಂದರು.

"ಯಾರ ಮುಟ್ಟ್ಯಾರ್ರಿ ಅಯ್ಯಾರ?"

"ಹಿರ್ಯಾರೆಲ್ಲಾ ಮುಟ್ಟೇವಿ."

"ನಾ ಮುಟ್ಟಿಲ್ಲಲ್ರಿ. ಈ ಓಣ್ಯಾನ ಹೆಣಮಕ್ಕಳು ಒಬ್ಬರೂ ಮುಟ್ಟಿಲ್ಲ. ನೀವ ಮುಟ್ಟೀರಿ, ನಿಮ್ಮ ಮಾತ ನೀವ ಉಳಿಸ್ಕೋರಿ. ನೀವ್ಯಾರೂ ನಿಂದ್ರಬ್ಯಾಡ್ರಿ."

ಸತ್ತವರ ಮನೆಯ ಎದುರು ನಿಲ್ಲುವುದು ನಮ್ಮಲ್ಲಿ ರೀತಿಯಲ್ಲ ಎಂದು ಅವರು ದನಿ ಎತ್ತರಿಸಿದರು. ಸತ್ತವರ ಎದುರು ನಾನು ನಿಂತಿಲ್ಲ, ಅವರ ಮಣ್ಣಿಗೆ ಹೋಗಿ ಬಂದಿದ್ದೇನೆ ಎಂದಳು ಮುರಿಗೆವ್ವ. ಚಹಾ ಮಾಡಲೇನು ಎಂದೂ ಕೇಳಿದಳು. ಅವರು ಕುಡಿಯದೆ ಎದ್ದು ಹೋದರು. ಆಮೇಲೆ ಊರಿನ ಅರ್ಧ ಮಂದಿ ಆಕೆಯ ಜೊತೆ ಮಾತು ಬಿಟ್ಟರು. ನನ್ನ ಟಂಟಂ ಹತ್ತುವುದನ್ನು ಕೆಲವರು ಬಿಟ್ಟರು. ನಡೆದುಕೊಂಡೇ ಹೋದರು. ಹೋಗಲಿ ಎಂದೆ.

ಎರಡನೆಯ ಪೆಟ್ಟು ಮಗಳಿಗೆ ಬಿತ್ತು. ಭಾಗ್ಯಶ್ರೀ ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರಖಾನೆಯಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದಳು. ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದಳು. ಗುತ್ತಿಗೆದಾರ ಇನ್ನು ಬರಬೇಡ ಎಂದಿದ್ದ. ಕಾರಣ ಹೇಳಿರಲಿಲ್ಲ. ಹೇಳುವುದು ಬೇಕಾಗಿಯೂ ಇರಲಿಲ್ಲ. ಹುಡುಗಿ ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು. ನಿನ್ನ ಹಟಕ್ಕೆ ನನ್ನ ಕೆಲಸ ಹೋಯಿತು ಎಂದು ಓಣಿಗೆಲ್ಲ ಕೇಳುವಂತೆ ಅತ್ತಳು.

ಮುರಿಗೆವ್ವ ಅವಳು ಅತ್ತು ಮುಗಿಸುವವರೆಗೆ ಕಾಯ್ದಳು. ಆಮೇಲೆ ಹೇಳಿದಳು, "ನೀ ಹೇಳಿದ್ರ ವಾಪಸ್ ತಗೋತೇನಿ. ಅವರ ಹೇಳಿದ್ರ ತಗೊಳ್ಳಂಗಿಲ್ಲ. ನೀ ಹೇಳು."

ಭಾಗ್ಯಶ್ರೀ ಬಹಳ ಹೊತ್ತು ಹೊಸ್ತಿಲ ಮೇಲೆ ಕೂತಿದ್ದಳು. ತಾಯಿ ಒಳಗೆ ಹಿಟ್ಟು ನಾದಿ ರೊಟ್ಟಿ ಬಡಿಯಲು ಶುರು ಮಾಡಿದಳು. ಕಡೆಗೆ ಮಗಳು ಒಳಗೆ ಹೋಗಿ ಒಲೆಯ ಮುಂದೆ ಕೂತು ಬೆಂಕಿ ಮುಂದೆ ಮಾಡಿದಳು.

"ತಗೋಬ್ಯಾಡ," ಎಂದಳು. "ಈಗ ತಗೊಂಡ್ರ ಕೆಲಸಾನೂ ಹೋತು, ಮಾತೂ ಹೋತು."

ಅರ್ಜಿ ಹಿಂತೆಗೆದುಕೊಳ್ಳಲು ಕಡೆಯ ದಿನ ಬಂತು. ಮಧ್ಯಾಹ್ನ ಮೂರರವರೆಗೆ ಅವಕಾಶ. ಆವತ್ತು ಬೆಳಿಗ್ಗೆ ನಾನು ಟಂಟಂ ಹೊರಗೆ ತೆಗೆಯುವಾಗ ನಮ್ಮ ಓಣಿಗೆ ನಾಲ್ಕು ಕಾರು ಬಂದವು. ಬಚ್ಚಲ ನೀರಿನ ಅರಲಿನಲ್ಲಿ ಗಾಲಿ ಸಿಗಬಾರದೆಂದು ಅಂಚಿಗೆ ನಿಂತವು. ಬಸವಕಿರಣ ಇಳಿದ. ಅವನ ಹಿಂದೆ ರೇಷ್ಮೆ ಸೀರೆಯ ಹೆಂಗಸರು, ಕೈಯಲ್ಲಿ ದೊಡ್ಡ ಹಿತ್ತಾಳೆ ತಟ್ಟೆ. ಒಬ್ಬ ಫೋಟೋದವನು. ಉಡಿ ತುಂಬಲು ಬಂದಿದ್ದರು.

ನಮ್ಮ ಕಡೆ ಹೆಣ್ಣುಮಕ್ಕಳಿಗೆ ತವರಿನವರು ಉಡಿ ತುಂಬುತ್ತಾರೆ. ಸೆರಗಿನಲ್ಲಿ ಅಕ್ಕಿ, ಕುಬಸದ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು ಹಾಕಿ ಹರಸುತ್ತಾರೆ. ಉಡಿ ತುಂಬಿಸಿಕೊಂಡವಳು ಆ ಮನೆಯ ಮಗಳಾದಂತೆ. ಮಗಳು ತವರಿನ ಮಾತಿಗೆ ಇಲ್ಲ ಎನ್ನುವುದು ಕಷ್ಟ. ಬಸವಕಿರಣನ ಲೆಕ್ಕ ಅದು. ಗೌಡರ ಮನೆಯಿಂದ ಉಡಿ ತುಂಬಿ, ಫೋಟೋ ತೆಗೆಸಿ, ಹಾಗೆಯೇ ಕಾರಿನಲ್ಲಿ ಧಾರವಾಡಕ್ಕೆ ಕರೆದುಕೊಂಡು ಹೋಗುವುದು.

ಮುರಿಗೆವ್ವ ಬಾಗಿಲಿಗೆ ಬಂದಳು. ಓಣಿಯ ಮಂದಿ ಸೇರಿದರು. ತಟ್ಟೆ ಹಿಡಿದ ಹೆಂಗಸು ಮುಂದೆ ಬಂದವಳು ಹಾಗೆಯೇ ನಿಂತಳು. ಮುರಿಗೆವ್ವನ ಹಣೆಯಲ್ಲಿ ವಿಭೂತಿ ಮಾತ್ರ ಇತ್ತು. ಕೊರಳಲ್ಲಿ ತಾಳಿ ಇರಲಿಲ್ಲ. ಗಂಡನಿಲ್ಲದವರಿಗೆ ಉಡಿ ತುಂಬುವ ರೂಢಿ ನಮ್ಮಲ್ಲಿ ಇಲ್ಲ. ಆ ಹೆಂಗಸು ತಿರುಗಿ ಬಸವಕಿರಣನ ಕಿವಿಯಲ್ಲಿ ಏನೋ ಹೇಳಿದಳು. ಅವನು ತನ್ನ ಹಿಂದಿದ್ದವರ ಕಡೆ ತಿರುಗಿ, ಇದನ್ನ ಯಾರೂ ನನಗ ಹೇಳಲಿಲ್ಲಲ್ಲ ಎಂದ.

"ಯಾರೂ ಕೇಳಲಿಲ್ಲ," ಎಂದಳು ಮುರಿಗೆವ್ವ.

ಓಣಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಫೋಟೋದವನು ಕ್ಯಾಮೆರಾ ಕೆಳಗಿಳಿಸಿದ. ಆಗ ಹಿಂದಿನ ಕಾರಿನ ಬಾಗಿಲು ತೆರೆಯಿತು. ದಾಕ್ಷಾಯಿಣಿಯವರು ಇಳಿದರು. ಅವರು ಬಂದಿದ್ದಾರೆಂದು ನಮಗೆ ಗೊತ್ತಿರಲಿಲ್ಲ. ಮಾಸಲು ಬಣ್ಣದ ಸೀರೆ, ಹಣೆಯಲ್ಲಿ ವಿಭೂತಿ. ಮುರಿಗೆವ್ವನಷ್ಟೇ ವಯಸ್ಸು. ಅರಲು ತುಳಿದುಕೊಂಡೇ ಬಾಗಿಲವರೆಗೆ ಬಂದರು. ತಪ್ಪಾಯಿತು ತಂಗಿ, ಈ ಹುಡುಗರಿಗೆ ತಿಳಿಯುವುದಿಲ್ಲ ಎಂದರು.

ತಟ್ಟೆ ಹಾಗೆಯೇ ಇತ್ತು. ಅದನ್ನು ಹಿಡಿದವಳಿಗೆ ಒಳಗೆ ಒಯ್ಯಬೇಕೋ ಕಾರಿನಲ್ಲಿ ಇಡಬೇಕೋ ತಿಳಿಯಲಿಲ್ಲ. ಮುರಿಗೆವ್ವ ಒಂದು ಗಳಿಗೆ ದಾಕ್ಷಾಯಿಣಿಯವರನ್ನೇ ನೋಡಿದಳು. ಗೌಡರು ಹೋದ ಮೇಲೆ ನಿಮಗೆ ಯಾರಾದರೂ ಉಡಿ ತುಂಬಿದ್ದಾರೆಯೇ ಎಂದು ಕೇಳಿದಳು. ಅವರು ಇಲ್ಲ ಎಂದು ತಲೆ ಅಲ್ಲಾಡಿಸಿದರು. ಅಣ್ಣನ ಮನೆಯವರೂ ಕರೆದಿಲ್ಲ ಎಂದರು.

ಮುರಿಗೆವ್ವ ಒಳಗೆ ಹೋಗಿ ಕಂಬಳಿ ತಂದು ಕಟ್ಟೆಯ ಮೇಲೆ ಹಾಸಿದಳು. ಕೂಡ್ರಿ ಅಕ್ಕಾರ ಎಂದಳು. ಅವರು ಕೂತರು. ಮುರಿಗೆವ್ವ ತಟ್ಟೆಯನ್ನು ಆ ಹೆಂಗಸಿನ ಕೈಯಿಂದ ತೆಗೆದುಕೊಂಡಳು. ಹಿಂದಿನಿಂದ ಒಬ್ಬ ಮುದುಕಿ, ಮಾಡಬಾರದ ಕೆಲಸ ಮಾಡುತ್ತಿದ್ದಾಳೆ ಎಂದು ಗೊಣಗಿದಳು. ಮುರಿಗೆವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ಗೌಡರ ಹೆಂಡತಿಯ ಸೆರಗು ಹಿಡಿಸಿ, ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ಖಣ ಇಟ್ಟಳು. ಕೊಬ್ಬರಿ ಇಟ್ಟಳು. ಒಂದು ಉತ್ತತ್ತಿ ಕೆಳಗೆ ಬಿತ್ತು, ಅದನ್ನು ಎತ್ತಿ ಒರೆಸಿ ಹಾಕಿದಳು. ದಾಕ್ಷಾಯಿಣಿಯವರು ಸೆರಗಿನ ಭಾರ ಎದೆಗೆ ಅವಚಿಕೊಂಡರು. ಆಮೇಲೆ ಮುರಿಗೆವ್ವನನ್ನು ಕೇಳಿದರು.

"ಈಗರ ನನ್ನ ಮಾತ ಕೇಳ್ತೀಯೇನವಾ?"

"ಕೇಳ್ತೇನ್ರಿ. ಹೇಳ್ರಿ."

"ವಾಪಸ್ ತಗೋ."

"ಅದೊಂದ ಬಿಟ್ಟ ಬ್ಯಾರೇದ ಹೇಳ್ರಿ," ಎಂದಳು ಮುರಿಗೆವ್ವ. "ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ ಅಕ್ಕಾರ. ನೀವ ಗೆಲ್ರಿ. ನೀವ ಗೆಲ್ಲಲಿ ಅಂತನ ಉಡಿ ತುಂಬೇನಿ. ಆದ್ರ ನಮ್ಮ ಓಟಿನ ಮ್ಯಾಲ ಗೆಲ್ರಿ. ನಾಳೆ ನಾ ಏನರ ಕೇಳಾಕ ಬಂದ್ರ, ನಿನ್ನ ಓಟಿನ ಮ್ಯಾಲ ಬಂದೇವೇನ ಅಂತ ನಿಮ್ಮ ಮಂದಿ ನನಗ ಅನಬಾರದು. ಆ ಮಾತ ಒಮ್ಮಿ ಕೇಳಿ ಸುಮ್ನ ಬಂದೇನಿ. ಇನ್ನೊಮ್ಮಿ ಕೇಳಂಗಿಲ್ಲ."

ಬಸವಕಿರಣ ನಡುವೆ ಬಂದ. ಹೊತ್ತಾಗುತ್ತಿದೆ ಎಂದ. ಮಗಳ ಕೆಲಸ ನಾಳೆಯೇ ವಾಪಸ್ ಕೊಡಿಸುತ್ತೇನೆ ಎಂದ. ಕೊಡಿಸುವುದು ನಿನ್ನ ಕೈಯಲ್ಲಿದ್ದರೆ ತೆಗೆಸಿದ್ದೂ ನೀನೇ ಆದೆಯಲ್ಲ ಎಂದಳು ಭಾಗ್ಯಶ್ರೀ, ಬಾಗಿಲ ಒಳಗಿನಿಂದ. ದಾಕ್ಷಾಯಿಣಿಯವರು ಅವನ ಮುಖ ನೋಡಿದರು. ಈ ವಿಷಯ ಅವರಿಗೆ ಗೊತ್ತಿರಲಿಲ್ಲ ಎಂದು ನನಗೆ ಅನಿಸಿತು.

"ನಡಿ ಕಿರಣ," ಎಂದರು. "ಊರೂರು ತಿರಗೂದೈತಿ."

ಸೆರಗು ಗಟ್ಟಿಯಾಗಿ ಹಿಡಿದುಕೊಂಡೇ ಕಾರು ಹತ್ತಿದರು. ಕಾರುಗಳು ಓಣಿಯಲ್ಲಿ ತಿರುಗಲು ಜಾಗ ಸಾಲದೆ ಹಿಂದೆ ಹಿಂದೆಯೇ ಹೋದವು.

ಮುರಿಗೆವ್ವ ಕಂಬಳಿ ಜಾಡಿಸಿ ಒಳಗಿಟ್ಟು ಬಂದಳು. ಅರ್ಧ ದಿನದ ಕೆಲಸ ಹೋಯಿತು, ಗಾಡಿ ತೆಗಿ ಎಂದಳು. ಗರಗಕ್ಕೆ ಬಿಟ್ಟೆ. ಆವತ್ತು ನಾನು ಬೇರೆ ಬಾಡಿಗೆಗೆ ಹೋಗಲಿಲ್ಲ. ಕೇಂದ್ರದ ಬಾಗಿಲಲ್ಲೇ ಕೂತೆ. ಯಾವುದಾದರೂ ಕಾರು ಮತ್ತೆ ಬಂದೀತು ಎಂದು ದಾರಿ ಕಾಯುತ್ತಿದ್ದೆ. ಬರಲಿಲ್ಲ. ಒಳಗೆ ಚರಕಗಳು ತಿರುಗುತ್ತಿದ್ದವು. ಮೂರು ಹೊಡೆದಾಗ ಲಾಲಬಿ ಚರಕ ನಿಲ್ಲಿಸಿದಳು. ಒಬ್ಬೊಬ್ಬರಾಗಿ ಎಲ್ಲರೂ ನಿಲ್ಲಿಸಿದರು. ಮುರಿಗೆವ್ವನ ಚರಕ ಒಂದೇ ತಿರುಗುತ್ತಿತ್ತು. ಆಕೆ ತಲೆ ಎತ್ತಿ, ಯಾಕ ನಿಂದರ್ಸಿದ್ರಿ, ಕರೆಂಟಿನ ಮ್ಯಾಲ ನಡೀತಾವೇನು ಎಂದಳು.

ಹಾಗೆ ಚುನಾವಣೆ ನಡೆಯಿತು.

ಆಕೆಗೆ ಚಿಹ್ನೆ ಕೊಡುವಾಗ ಚರಕ ಕೇಳಿದಳು. ಆ ಪಟ್ಟಿಯಲ್ಲಿ ಚರಕ ಇರಲಿಲ್ಲ. ಹೊಲಿಗೆ ಯಂತ್ರ ಸಿಕ್ಕಿತು. ನೂಲುವವಳಿಗೆ ಹೊಲಿಗೆ ಬರುವುದಿಲ್ಲ ಎಂದು ಲಾಲಬಿ ಹದಿನೈದು ದಿನ ಅದನ್ನೇ ಹೇಳಿಕೊಂಡು ನಕ್ಕಳು. ಕೆಲಸ ಬಿಟ್ಟ ಮೇಲೆ ಸಂಜೆ ನಾವು ಟಂಟಂನಲ್ಲಿ ಹಳ್ಳಿಗಳಿಗೆ ಹೋಗುತ್ತಿದ್ದೆವು. ಮೈಕು ಇರಲಿಲ್ಲ. ಉಪ್ಪಿನಬೆಟಗೇರಿಯ ಸಂತೆಯಲ್ಲಿ ಆಕೆ ಒಂದು ಕಲ್ಲಿನ ಮೇಲೆ ನಿಂತು ಮಾತಾಡಿದಳು. ನನಗೇ ಹಾಕಿರಿ ಎಂದು ಹೇಳುವುದಿಲ್ಲ, ಯಾರಿಗಾದರೂ ಹಾಕಿರಿ, ಮನೆಯಲ್ಲಿ ಮಾತ್ರ ಕೂಡಬೇಡಿರಿ ಎಂದಳು. ಬದನೆಕಾಯಿ ಮಾರುತ್ತಿದ್ದವನೊಬ್ಬ ಕೂತಲ್ಲಿಂದಲೇ ಕೂಗಿದ.

"ಹಂಗಾರ ನೀ ಯಾಕ ನಿಂತೀಬೇ?"

"ನಾ ನಿಂದ್ರಲಿಲ್ಲಂದ್ರ ನಿನಗ ಯಾರಿಗೂ ಹಾಕಾಕ ಬರತಿದ್ದಿಲ್ಲಪಾ," ಎಂದಳು ಮುರಿಗೆವ್ವ.

ಸಂತೆ ನಕ್ಕಿತು. ಅವನೂ ನಕ್ಕ.

ದಾಕ್ಷಾಯಿಣಿಯವರು ಊರೂರು ತಿರುಗಬೇಕಾಯಿತು. ಬಿಸಿಲಲ್ಲಿ ಓಣಿ ಓಣಿ ನಡೆದರು. ಅವಿರೋಧವಾಗಿದ್ದರೆ ಅವರು ಈ ಓಣಿಗಳನ್ನು ಕಾರಿನ ಕಿಟಕಿಯಿಂದಲೂ ನೋಡುತ್ತಿರಲಿಲ್ಲ. ನಮ್ಮ ಓಣಿಗೂ ಬಂದರು. ಹೆಂಗಸರು ಸುತ್ತ ಕೂತು ಒಂದೊಂದೇ ಹೇಳಿದರು. ಗಟಾರ ಹೇಳಿದರು. ಹೆಂಗಸರೇ ಕಂಡರೆ ಸರಕಾರಿ ಬಸ್ಸು ನಿಲ್ಲಿಸದೆ ಹೋಗುವುದನ್ನು ಹೇಳಿದರು. ಬಸವಕಿರಣ ಎರಡು ಸಲ ಗಡಿಯಾರ ತೋರಿಸಿದ. ಅವರು ಏಳಲಿಲ್ಲ. ಮುರಿಗೆವ್ವ ಮಾತ್ರ ಅಲ್ಲಿಗೆ ಬರಲಿಲ್ಲ. ತನ್ನ ಮನೆಯ ಬಾಗಿಲಲ್ಲೇ ನಿಂತಿದ್ದಳು. ಬಾ ಎಂದು ಕರೆಯಲು ಹೋದೆ. ಅದು ಅವರ ಪ್ರಚಾರ, ನಾನು ಎದುರಾಳಿ, ಬರಬಾರದು ಎಂದಳು.

ಮತದಾನದ ದಿನ ಸಾಲಿಯ ಮುಂದೆ ದೊಡ್ಡ ಸರದಿ. ನಮ್ಮ ಓಣಿಯ ಹೆಂಗಸರು ಬೆಳಿಗ್ಗೆಯೇ ಹೋಗಿ ಮುಂದೆ ನಿಂತಿದ್ದರು. ಮಾತು ಬಿಟ್ಟವರೂ ಬಂದರು. ಅವರಲ್ಲಿ ಕೆಲವರು ಮುರಿಗೆವ್ವನನ್ನು ಬೈಯುತ್ತಲೇ ಸರದಿಯಲ್ಲಿ ನಿಂತರು. ಬೈಯಲಿ, ನಿಂತಿದ್ದಾರಲ್ಲ ಎಂದಳು ಆಕೆ.

ಆಕೆ ಸೋತಳು. ಠೇವಣಿ ಹೋಯಿತು. ನಮ್ಮ ಊರಿನಲ್ಲಿಯೂ ಹೆಚ್ಚು ಮತ ದಾಕ್ಷಾಯಿಣಿಯವರಿಗೇ ಬಿದ್ದವು. ಮುಚ್ಚಿಡುವುದೇನಿದೆ. ಓಣಿಯ ಹೆಂಗಸರಲ್ಲೂ ಎಷ್ಟೋ ಮಂದಿ ಅವರಿಗೇ ಹಾಕಿದ್ದಾರೆ. ಉಡಿ ತುಂಬಿದ್ದನ್ನು ಕಂಡವರು ಹಾಗೆ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಭಾಗ್ಯಶ್ರೀಯ ಕೆಲಸ ವಾಪಸ್ ಬರಲಿಲ್ಲ. ಅವಳು ಬೇರೆ ಕಡೆ ಹುಡುಕುತ್ತಿದ್ದಾಳೆ.

ಎಣಿಕೆಯಾದ ಮರುದಿನ ಗುರುಸಿದ್ದಯ್ಯನವರು ಟಂಟಂ ನಿಲ್ಲುವ ಕಡೆ ಎದುರಾದರು.

"ಏನ ಸಿಕ್ತಬೇ ನಿನಗ?" ಎಂದರು. "ಇದ್ದ ಠೇವಣೀನೂ ಹೋತು."

"ಅಯ್ಯಾರ, ನೀವ ಓಟ ಹಾಕಿದ್ರಿಲ್ರಿ?"

"ಹಾಕೇನಿ ಮತ್ತ."

"ಯಾರಿಗಂತ ನಾ ಕೇಳೂದಿಲ್ರಿ. ನೀವೂ ಸರದ್ಯಾಗ ನಿಂತ್ರಿ, ಮಗ್ಗಲದ ಹೆಣಮಕ್ಕಳ ಸರದ್ಯಾಗ ನಾನೂ ನಿಂತಿದ್ದೆ. ನಿಮ್ಮದೂ ಒಂದ ಓಟು, ನಂದೂ ಒಂದ. ಇದು ಸಿಕ್ತು."

ಅವರು ಧೋತರದ ಚುಂಗು ಹಿಡಿದುಕೊಂಡು ಮುಂದೆ ಹೋದರು. ಹೆಂಗಸರು ಟಂಟಂ ಹತ್ತಿದರು. ಮುರಿಗೆವ್ವ ಮುಂದೆ ಕೂತಳು. ಊರು ದಾಟುವಾಗ ಹಿಂದಿನಿಂದ ಲಾಲಬಿ ಮಾತು ತೆಗೆದಳು. ಪಂಚಾಯ್ತಿ ಚುನಾವಣೆ ಬರಲಿದೆ, ಈ ಸಲ ನಮ್ಮ ಓಣಿಯಿಂದ ತಾನು ನಿಲ್ಲುವುದಾಗಿ ಹೇಳಿದಳು. ಹೆಂಗಸರೆಲ್ಲ ಆಗಲಿ ಆಗಲಿ ಎಂದರು. ನಾವೆಲ್ಲ ಒಂದಾದರೆ ಎದುರು ಯಾರೂ ಬರುವುದಿಲ್ಲ, ಸುಮ್ಮನೆ ಆರಿಸಿ ಬರುತ್ತೀ ಎಂದಳು ಒಬ್ಬಳು.

ಮುರಿಗೆವ್ವ ಹಿಂದಕ್ಕೆ ತಿರುಗಿದಳು.

"ನಿಂದ್ರು," ಎಂದಳು. "ಯಾರೂ ಬರಲಿಲ್ಲಂದ್ರ ನಿನ್ನ ಎದರು ನಾ ನಿಂದರತೇನಿ."

"ಏ ಹುಚ್ಚಿ, ನಾ ನಿನ್ನ ಗೆಳತೀಬೇ," ಎಂದಳು ಲಾಲಬಿ.

"ಗೆಳತಿ ಹೌದು. ಹಂಗಂತ ಕೇಳದ ಬಿಡತೇವೇನು? ಮನಿ ಮನಿಗಿ ಹೋಗಿ ಕೇಳಿ ಬಾ. ನಾನೂ ಕೇಳತೇನಿ."

ಲಾಲಬಿ ಬೈಯತೊಡಗಿದಳು. ಹಿಂದಿದ್ದವರಲ್ಲಿ ಅರ್ಧ ಮಂದಿ ಲಾಲಬಿಯ ಕಡೆಯಾದರು, ಅರ್ಧ ಮಂದಿ ಮುರಿಗೆವ್ವನ ಕಡೆಯಾದರು. ಗರಗ ಬರುವವರೆಗೂ ಜಗಳ ನಡೆದೇ ಇತ್ತು.